ನೆಲದಡಿಯ ನಕ್ಷೆ ಯಾರ ಸ್ವತ್ತು?

ನೆಲದ ಮೇಲ್ಮೈಯ ಬಗ್ಗೆ ನಮ್ಮ ಕಂದಾಯ ವ್ಯವಸ್ಥೆಗೆ ತಿಳಿಯದ ಸಂಗತಿ ಬಹಳ ಕಡಿಮೆ. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಕರೆ, ಎಷ್ಟು ಗುಂಟೆ, ಎಷ್ಟು ಖರಾಬು, ಖಾತೆ ಯಾರ ಹೆಸರಿನಲ್ಲಿದೆ, ಯಾವ ಬೆಳೆ ಇದೆ, ಯಾವ ಬ್ಯಾಂಕಿನ ಸಾಲವಿದೆ ಎಂಬುದೆಲ್ಲ ಪಹಣಿಯ ಒಂದು ಹಾಳೆಯಲ್ಲಿ ದೊರೆಯುತ್ತದೆ. ಆದರೆ ಅದೇ ಹೊಲದ ಅಡಿಯಲ್ಲಿ, ನೂರೋ ಇನ್ನೂರೋ ಅಡಿ ಆಳದಲ್ಲಿ ಏನಿದೆ ಎಂದು ಕೇಳಿದರೆ ದಾಖಲೆಗಳೆಲ್ಲ ಮೌನವಾಗುತ್ತವೆ. ಶಿಥಿಲಗೊಂಡ ಕಲ್ಲಿನ ಪದರ ಎಷ್ಟು ದಪ್ಪವಿದೆ, ಗಟ್ಟಿ ಬಂಡೆ ಎಲ್ಲಿ ಆರಂಭವಾಗುತ್ತದೆ, ನೀರು ನಿಲ್ಲಲು ಎಡೆಯಿದೆಯೇ ಎಂಬ ಪ್ರಶ್ನೆಗಳಿಗೆ ರೈತನಿಗೆ ಉತ್ತರ ಸಿಗುವುದು ಕೊಳವೆಬಾವಿ ಕೊರೆಸಿದ ನಂತರವೇ. ಅಷ್ಟರಲ್ಲಿ ಹಣ ಖರ್ಚಾಗಿರುತ್ತದೆ.

ಈ ಅಜ್ಞಾನ ಅನಿವಾರ್ಯವೇನೂ ಅಲ್ಲ. ನೆಲವನ್ನು ಅಗೆಯದೆ, ಕೊರೆಯದೆ ಅದರ ಒಡಲನ್ನು ಅರಿಯುವ ವಿದ್ಯುತ್ಕಾಂತೀಯ ಸಮೀಕ್ಷೆಯ ವಿದ್ಯೆ ಇಂದು ಪಕ್ವವಾಗಿದೆ. ನಮ್ಮ ದೇಶದಲ್ಲಿಯೇ, ನಮ್ಮ ರಾಜ್ಯದಲ್ಲಿಯೇ ಅದರ ಪ್ರಯೋಗ ನಡೆದಿದೆ. ಹೀಗಿರುವಾಗ ನಮ್ಮ ಮುಂದಿರುವ ಪ್ರಶ್ನೆ ತಂತ್ರಜ್ಞಾನದ್ದಲ್ಲ. ಈ ತಿಳಿವಳಿಕೆಯನ್ನು ಯಾರ ಹಣದಿಂದ ಪಡೆಯಬೇಕು, ಯಾರ ಕೈಗೆ ಕೊಡಬೇಕು, ಯಾವ ಉದ್ದೇಶಕ್ಕೆ ಬಳಸಬೇಕು ಎಂಬುದು ನಿಜವಾದ ಪ್ರಶ್ನೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿಯೂ ಮೂರು ದಶಕಗಳನ್ನು ಆಡಳಿತ ಸೇವೆಯಲ್ಲಿ ಕಳೆದವನಾಗಿಯೂ ಈ ಕುರಿತು ಕೆಲವು ಮಾತುಗಳನ್ನು ಓದುಗರ ಮುಂದಿಡಲು ಬಯಸುತ್ತೇನೆ.

ಮೊದಲು ಸಮಸ್ಯೆಯ ಗಾತ್ರವನ್ನು ನೋಡೋಣ. ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲ ಬಳಸುವ ದೇಶ ನಮ್ಮದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ಅಂದಾಜಿನಂತೆ ವರ್ಷಕ್ಕೆ ಸುಮಾರು 245 ಶತಕೋಟಿ ಘನ ಮೀಟರಿನಷ್ಟು ನೀರನ್ನು ನಾವು ನೆಲದಿಂದ ಎತ್ತುತ್ತಿದ್ದೇವೆ. ದೇಶದ ಸರಾಸರಿಯಲ್ಲಿ ಇದು ಎತ್ತಬಹುದಾದ ಪ್ರಮಾಣದ ಶೇ 60ರಷ್ಟು ಮಾತ್ರ. ಆದರೆ ಸರಾಸರಿ ಎಂಬುದು ಎಷ್ಟೋ ವೇಳೆ ಸತ್ಯವನ್ನು ಮರೆಮಾಚುವ ಪರದೆ. ಗಂಗಾ ಬಯಲಿನ ಸಮೃದ್ಧಿಯನ್ನೂ ಕೋಲಾರದ ಬರವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಕೋಲಾರದ ರೈತನ ಬಾಯಾರಿಕೆ ತೀರುವುದಿಲ್ಲ. ಚಿನ್ನಕ್ಕಾಗಿ 3 ಕಿಲೋಮೀಟರಿಗೂ ಹೆಚ್ಚು ಆಳ ಇಳಿದ ಜಿಲ್ಲೆ ಅದು. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಆದರೆ ನೆಲ ಕೊರೆಯುವ ಕೆಲಸ ಮಾತ್ರ ನಿಲ್ಲಲಿಲ್ಲ. ಈಗ ನೀರಿಗಾಗಿ ಸಾವಿರ, ಸಾವಿರದೈನೂರು ಅಡಿ ಇಳಿಯುತ್ತಿದ್ದಾರೆ. ಅಷ್ಟು ಆಳದಿಂದ ಬರುವ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಕೂಡ ಬರುತ್ತದೆ.

ರಾಜಧಾನಿಯ ಸ್ಥಿತಿಯೂ ಭಿನ್ನವಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಪ್ರತಿ ಬರಗಾಲದಲ್ಲಿಯೂ ಆಡಳಿತದ ಸಹಜ ಪ್ರತಿಕ್ರಿಯೆ ಒಂದೇ: ಇನ್ನಷ್ಟು ಕೊಳವೆಬಾವಿ ಕೊರೆಸುವುದು. ನನ್ನ ಸೇವಾವಧಿಯಲ್ಲಿ ನಾನು ಕುಳಿತ ಬರ ಪರಿಶೀಲನಾ ಸಭೆಗಳಲ್ಲಿ ಪ್ರಗತಿಯ ಅಳತೆಗೋಲು ಎಂದರೆ ಕೊರೆದ ಬಾವಿಗಳ ಸಂಖ್ಯೆ. ಎಷ್ಟರಲ್ಲಿ ನೀರು ಬಂತು ಎಂಬುದು ಎರಡನೆಯ ಕಾಲಮ್ಮು. ಬಂದ ನೀರು ಎಷ್ಟು ದಿನ ನಿಂತಿತು ಎಂಬುದಕ್ಕೆ ಕಾಲಮ್ಮೇ ಇರಲಿಲ್ಲ.

ಖಾಸಗಿ ರೈತನಾದರೂ ಏನು ಮಾಡಿಯಾನು? ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸುವವರನ್ನೋ, ಕವಲೊಡೆದ ಹಸಿಕಡ್ಡಿ ಹಿಡಿದು ಹೊಲ ಸುತ್ತುವವರನ್ನೋ ಕರೆಸಿ ಪಾಯಿಂಟ್ ಗುರುತು ಮಾಡಿಸುತ್ತಾನೆ. ಅವನನ್ನು ಮೂಢನೆಂದು ಹಳಿಯುವುದು ಸುಲಭ. ಆದರೆ ಅವನ ಕೈಗೆಟುಕುವ ಬೆಲೆಗೆ ಬೇರೆ ಯಾವ ಮಾಹಿತಿಯನ್ನು ನಾವು ಕೊಟ್ಟಿದ್ದೇವೆ? ಮಾಹಿತಿ ಇಲ್ಲದ ಪೇಟೆಯಲ್ಲಿ ಜೂಜು ನಡೆಯುತ್ತದೆ. ಆ ಜೂಜಿನಲ್ಲಿ ಬೋರ್ ಲಾರಿಯವರಿಗೆ ನಷ್ಟವಿಲ್ಲ. ನೀರು ಬರಲಿ ಬಿಡಲಿ, ಕೊರೆದ ಪ್ರತಿ ಅಡಿಗೂ ಅವರಿಗೆ ದುಡ್ಡು ಸಲ್ಲುತ್ತದೆ. ಸೋಲಿನ ಭಾರವನ್ನು ಹೊರುವವನು ಸಾಲ ಮಾಡಿದ ರೈತನೊಬ್ಬನೇ.

ಇನ್ನು ವಿದ್ಯೆಯ ವಿಷಯ. ಅದರ ಮೂಲತತ್ವ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದದ್ದು: ಬದಲಾಗುವ ಕಾಂತಕ್ಷೇತ್ರವು ತನ್ನ ಬಳಿಯಿರುವ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಹೆಲಿಕಾಪ್ಟರಿನ ಕೆಳಗೆ ನೂರಾರು ಚದರ ಮೀಟರ್ ವಿಸ್ತೀರ್ಣದ ತಂತಿಯ ಚೌಕಟ್ಟೊಂದನ್ನು ತೂಗುಬಿಟ್ಟು, ಅದು ನೆಲದಿಂದ ಸುಮಾರು 30 ಮೀಟರ್ ಎತ್ತರದಲ್ಲಿರುವಂತೆ ಹಾರಿಸುತ್ತಾರೆ. ತಂತಿಯಲ್ಲಿ ವಿದ್ಯುತ್ ಹರಿಸಿ ಥಟ್ಟನೆ ನಿಲ್ಲಿಸುತ್ತಾರೆ. ಆ ಕ್ಷಣದಲ್ಲಿ ನೆಲದೊಳಗೆ ಸುಳಿಯಂಥ ವಿದ್ಯುತ್ ಪ್ರವಾಹಗಳು ಹುಟ್ಟಿ, ಹೊಗೆಯ ಉಂಗುರಗಳಂತೆ ಹರಡುತ್ತ ಆಳಕ್ಕೆ ಇಳಿಯುತ್ತವೆ. ಅವು ಹುಟ್ಟಿಸುವ ಕ್ಷೀಣ ಕಾಂತಕ್ಷೇತ್ರವನ್ನು ಮತ್ತೊಂದು ಸುರುಳಿ ಗ್ರಹಿಸುತ್ತದೆ. ಈ ಪ್ರತಿಧ್ವನಿ ಬೇಗ ಅಡಗಿದರೆ ಕೆಳಗಿರುವುದು ವಿದ್ಯುತ್ತಿಗೆ ದಾರಿ ಕೊಡದ ಬಂಡೆ. ನಿಧಾನವಾಗಿ ಅಡಗಿದರೆ ವಿದ್ಯುತ್ ಸುಲಭವಾಗಿ ಹರಿಯುವ ಜೇಡಿ, ನೀರು ತುಂಬಿದ ಶಿಥಿಲ ಶಿಲೆ ಅಥವಾ ಉಪ್ಪುನೀರು.

ಗಟ್ಟಿ ಗ್ರಾನೈಟ್ ಬಂಡೆಯ ವಿದ್ಯುತ್ ರೋಧಶೀಲತೆ ಸಾವಿರಾರು ಓಮ್-ಮೀಟರ್. ನೀರು ಹಿಡಿದ ಶಿಥಿಲ ಶಿಲೆಯದು ಸಾಮಾನ್ಯವಾಗಿ ಕೆಲವು ಹತ್ತುಗಳಿಂದ ನೂರರ ಆಸುಪಾಸು. ಜೇಡಿಯದು ಇನ್ನೂ ಕಡಿಮೆ. ಸಮುದ್ರದ ನೀರಿನದು ಒಂದಕ್ಕಿಂತಲೂ ಕಡಿಮೆ. ಈ ಅಂತರವೇ ನೆಲದಡಿಯ ಚಿತ್ರಕ್ಕೆ ಬಣ್ಣ. ಹಿಂದೆ ಎರಡು ಗೂಟ ನೆಟ್ಟು ವಿದ್ಯುತ್ ಹರಿಸಿ, ಬೇರೆ ಎರಡು ಗೂಟಗಳಲ್ಲಿ ಅಳೆಯುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜರ್ ರೂಢಿಸಿದ ಆ ಕ್ರಮ ಇಂದಿಗೂ ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಆದರೆ ಅದು ಒಂದೊಂದೇ ಬಿಂದುವನ್ನು ತೋರಿಸುತ್ತದೆ. ಹೆಲಿಕಾಪ್ಟರ್ ಸಮೀಕ್ಷೆ ಕೆಲವೇ ದಿನಗಳಲ್ಲಿ ಇಡೀ ಜಲಾನಯನ ಪ್ರದೇಶವನ್ನು, ಹಲವೆಡೆ 300 ಮೀಟರ್ ಆಳದವರೆಗೆ, ಪದರ ಪದರವಾಗಿ ಬಿಡಿಸಿ ತೋರಿಸಬಲ್ಲದು.

ಇದು ವಿದೇಶದ ಪತ್ರಿಕೆಗಳಲ್ಲಿ ಓದಿ ಬೆರಗಾಗುವ ಸಂಗತಿಯೇನಲ್ಲ. ಕೇಂದ್ರ ಅಂತರ್ಜಲ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಗಳು ವಿಶ್ವಬ್ಯಾಂಕ್ ನೆರವಿನ ಜಲವಿಜ್ಞಾನ ಯೋಜನೆಯಡಿ, ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ, ದೇಶದ ಆರು ಭಿನ್ನ ಭೂಪ್ರದೇಶಗಳಲ್ಲಿ ಇದನ್ನು ಪರೀಕ್ಷಿಸಿದವು. ಬಿಹಾರದ ಗಂಗಾ ಬಯಲು, ರಾಜಸ್ಥಾನದ ಜೈಸಲ್ಮೇರ್ ಮತ್ತು ದೌಸಾ, ಮಹಾರಾಷ್ಟ್ರದ ನಾಗಪುರ, ತಮಿಳುನಾಡಿನ ಕಡಲೂರು ಇವುಗಳೊಂದಿಗೆ ಆರನೆಯದಾಗಿ ಆಯ್ಕೆಯಾದದ್ದು ನಮ್ಮ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನ ಪ್ರದೇಶ. ತೆಂಗಿನ ಸೀಮೆಯ ಗಟ್ಟಿಶಿಲೆಯ ನೆಲಕ್ಕೆ ಅದು ಮಾದರಿಯಾಗಿತ್ತು.

ಅನಂತರ ಪ್ರಯಾಗರಾಜ್ ಭಾಗದಲ್ಲಿ ನಡೆದ ಸಮೀಕ್ಷೆ ಗಂಗಾ ಮತ್ತು ಯಮುನಾ ನದಿಗಳ ನಡುವೆ ಹೂತುಹೋದ ಪ್ರಾಚೀನ ನದಿಪಾತ್ರವೊಂದನ್ನು ತೋರಿಸಿತು. ಸುಮಾರು 200 ಕಿಲೋಮೀಟರ್ ಉದ್ದ, 4ರಿಂದ 5 ಕಿಲೋಮೀಟರ್ ಅಗಲದ ಈ ಪಾತ್ರದ ವಿವರ 2021ರಲ್ಲಿ ಪ್ರಕಟವಾದಾಗ ಪತ್ರಿಕೆಗಳು ಸರಸ್ವತಿಯ ಕಥೆಯನ್ನು ಹಿಡಿದುಕೊಂಡವು. ಅಲ್ಲಿ ನಿಜವಾಗಿ ಮುಖ್ಯವಾದ ಸಂಗತಿ ಬೇರೆಯೇ ಇತ್ತು. ಮರಳು ತುಂಬಿದ ಆ ಪಾತ್ರ ಮಳೆಗಾಲದ ನೀರನ್ನು ಇಂಗಿಸಿಕೊಂಡು ಕಾದಿಡಬಲ್ಲ ದೊಡ್ಡ ಕಣಜ. ಅದೇ 2021ರಲ್ಲಿ ರಾಜಸ್ಥಾನ, ಗುಜರಾತ್, ಹರಿಯಾಣಗಳ ಒಣಪ್ರದೇಶದಲ್ಲಿ ಸುಮಾರು ಒಂದು ಲಕ್ಷ ಚದರ ಕಿಲೋಮೀಟರ್ ವ್ಯಾಪ್ತಿಯ ಹೆಲಿಕಾಪ್ಟರ್ ಸಮೀಕ್ಷೆಗೆ ಚಾಲನೆ ನೀಡಲಾಯಿತು.

ಹಾಗೆಂದು ಇದನ್ನು ಸರ್ವರೋಗಕ್ಕೂ ಮದ್ದೆಂದು ಮಾರಲು ಹೊರಟವರ ಮಾತನ್ನು ನಂಬಬಾರದು. ಈ ಉಪಕರಣ ನೀರನ್ನು ನೋಡುವುದಿಲ್ಲ. ಅದು ನೋಡುವುದು ವಿದ್ಯುತ್ ವಾಹಕತೆಯನ್ನು ಮಾತ್ರ. ಜೇಡಿಯೂ ಉಪ್ಪುನೀರೂ ಅದರ ಕಣ್ಣಿಗೆ ಒಂದೇ ರೀತಿ ಕಾಣಬಹುದು. ಒಂದೇ ಅಳತೆಗೆ ಹೊಂದುವ ಹಲವು ಭೂಚಿತ್ರಗಳು ಸಾಧ್ಯ. ಆಳ ಹೆಚ್ಚಿದಷ್ಟೂ ಚಿತ್ರ ಮಸುಕಾಗುತ್ತದೆ. ವಿದ್ಯುತ್ ಮಾರ್ಗಗಳು, ರೈಲು ಹಳಿಗಳು, ಲೋಹದ ಕೊಳವೆಗಳು ಅಳತೆಯನ್ನು ಕೆಡಿಸುತ್ತವೆ. ಆದ್ದರಿಂದ ಬೆಂಗಳೂರಿನಂಥ ನಗರದ ನಡುವೆ ಇದರ ಉಪಯೋಗ ತೀರ ಸೀಮಿತ. ಎಲ್ಲಕ್ಕಿಂತ ಮುಖ್ಯವಾಗಿ, ಸಾವಿರ ಅಡಿ ಆಳದ ಗಟ್ಟಿ ಬಂಡೆಯಲ್ಲಿ ಬೆರಳಗಲದ ಬಿರುಕೊಂದು ಇದೆಯೇ ಇಲ್ಲವೇ ಎಂದು ಆಕಾಶದಿಂದ ಹೇಳಲು ಈ ವಿದ್ಯೆಗೆ ಆಗದು. ನಮ್ಮ ಬಯಲುಸೀಮೆಯ ರೈತ ಇಂದು ಹುಡುಕುತ್ತಿರುವುದು ಅಂಥ ಬಿರುಕನ್ನೇ.

ಹಾಗಾದರೆ ನಮಗೇನು ಪ್ರಯೋಜನ ಎಂದು ಓದುಗರು ಕೇಳಬಹುದು. ನನ್ನ ವಾದದ ತಿರುಳು ಇಲ್ಲಿಯೇ ಇದೆ. ದಖ್ಖನಿನ ಗಟ್ಟಿಶಿಲೆಯ ನೆಲದಲ್ಲಿ ನೀರಿನ ನಿಜವಾದ ಉಗ್ರಾಣ ಮೇಲಿನ ಶಿಥಿಲ ಪದರ. ಅದರ ಕೆಳಗಿನ ಬಿರುಕುಗಳು ಮುಖ್ಯವಾಗಿ ನೀರನ್ನು ಸಾಗಿಸುವ ಓಣಿಗಳು. ಅವುಗಳಲ್ಲಿ ಸಂಗ್ರಹ ಅತ್ಯಲ್ಪ. ನಮ್ಮ ಹಿರಿಯರ ತೆರೆದ ಬಾವಿಗಳಿಗೂ ಕಪಿಲೆಗೂ ಕೆರೆಯ ಕೆಳಗಿನ ಒರತೆಗಳಿಗೂ ಆಧಾರವಾಗಿದ್ದದ್ದು ಆ ಮೇಲಿನ ಪದರವೇ. ಅದನ್ನು ಬರಿದು ಮಾಡಿದ ಮೇಲೆ ನಾವು ಓಣಿಗಳಲ್ಲಿ ಅಳಿದುಳಿದದ್ದನ್ನು ಹೀರಲು ಆಳಕ್ಕೆ ಇಳಿದೆವು. ವಿದ್ಯುತ್ಕಾಂತೀಯ ಸಮೀಕ್ಷೆ ಅತ್ಯಂತ ಚೆನ್ನಾಗಿ ತೋರಿಸುವುದು ಈ ಬರಿದಾದ ಉಗ್ರಾಣವನ್ನೇ: ಅದರ ಗೋಡೆ ಎಲ್ಲಿದೆ, ತಳ ಎಷ್ಟು ಆಳದಲ್ಲಿದೆ, ಬಾಗಿಲು ಎಲ್ಲಿದೆ. ಆದ್ದರಿಂದ ಈ ನಕ್ಷೆಯಿಂದ ಹೆಚ್ಚಿನ ಲಾಭ ನೀರನ್ನು ಹುಡುಕುವುದರಲ್ಲಿ ಇಲ್ಲ, ನೀರನ್ನು ತುಂಬಿಡುವುದರಲ್ಲಿ ಇದೆ.

ಇದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನವಿದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಶುದ್ಧತೆಯ ಬಗ್ಗೆ ಚರ್ಚೆ ನಡೆದಿದೆ, ನಡೆಯಬೇಕು ಕೂಡ. ಆದರೆ ಇನ್ನೊಂದು ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳುತ್ತಿಲ್ಲ. ಯಾವ ಕೆರೆಯ ತಳದಲ್ಲಿ ನೀರನ್ನು ಒಳಬಿಡುವ ಶಿಥಿಲ ಪದರವಿದೆ, ಯಾವ ಕೆರೆಯ ತಳ ಜೇಡಿ ಕಟ್ಟಿ ಬಿಗಿದುಕೊಂಡಿದೆ? ಇಂಗಿದ ನೀರು ಯಾವ ದಿಕ್ಕಿಗೆ, ಯಾವ ಹಳ್ಳಿಯ ಕುಡಿಯುವ ನೀರಿನ ಬಾವಿಯತ್ತ ಸಾಗುತ್ತದೆ? ಮೊದಲ ಪ್ರಶ್ನೆ ದುಡ್ಡಿನ ಸದ್ವಿನಿಯೋಗಕ್ಕೆ ಸಂಬಂಧಿಸಿದ್ದು, ಎರಡನೆಯದು ಜನರ ಆರೋಗ್ಯಕ್ಕೆ ಸಂಬಂಧಿಸಿದ್ದು. ಎರಡಕ್ಕೂ ಉತ್ತರ ನೆಲದಡಿಯ ನಕ್ಷೆಯಲ್ಲಿದೆ. ಚೆಕ್ ಡ್ಯಾಂ, ಇಂಗುಗುಂಡಿ, ಕೆರೆ ಹೂಳೆತ್ತುವ ಕಾಮಗಾರಿಗಳಿಗೆ ಪ್ರತಿವರ್ಷ ಸುರಿಯುವ ಹಣವೂ ಇದೇ ಪರೀಕ್ಷೆಗೆ ಒಳಪಡಬೇಕು.

ಈ ಕೆಲಸವನ್ನು ಪೇಟೆಗೆ ಬಿಟ್ಟುಬಿಡಬಾರದೇಕೆ? ಅರ್ಥಶಾಸ್ತ್ರದ ಪಾಠ ಇಲ್ಲಿ ಸ್ಪಷ್ಟ. ಯಾವ ರೈತನೂ ಒಂಟಿಯಾಗಿ ಹೆಲಿಕಾಪ್ಟರ್ ಹಾರಿಸಲಾರ. ಹಾರಿಸಿದರೂ ಅದರ ಫಲ ಅವನ ಬೇಲಿಯೊಳಗೆ ನಿಲ್ಲದು. ಒಬ್ಬರಿಗೆ ತಿಳಿದದ್ದರಿಂದ ಇನ್ನೊಬ್ಬರ ಪಾಲು ಕಡಿಮೆಯಾಗದ ಇಂಥ ಜ್ಞಾನವನ್ನು ಸಾರ್ವಜನಿಕ ಸರಕು ಎನ್ನುತ್ತೇವೆ. ಲೆಕ್ಕಕ್ಕಾಗಿ ಒಂದು ತಾಲ್ಲೂಕನ್ನು ಊಹಿಸಿಕೊಳ್ಳೋಣ. ವರ್ಷಕ್ಕೆ ಸಾವಿರ ಬಾವಿಗಳು, ಅವುಗಳಲ್ಲಿ ನಾನೂರು ವಿಫಲ, ಪ್ರತಿ ವೈಫಲ್ಯಕ್ಕೆ ಎರಡು ಲಕ್ಷ ರೂಪಾಯಿ ಎಂದುಕೊಂಡರೆ ಎಂಟು ಕೋಟಿ ರೂಪಾಯಿ ಮಣ್ಣುಪಾಲು. ನಕ್ಷೆಯಿಂದ ಅದರ ಕಾಲುಭಾಗ ತಪ್ಪಿದರೂ ವರ್ಷಕ್ಕೆ ಎರಡು ಕೋಟಿಯ ಉಳಿತಾಯ. ಇವು ಊಹೆಯ ಅಂಕಿಗಳಷ್ಟೇ. ಆದರೆ ಬಾವಿಯ ವೆಚ್ಚ ಪ್ರತಿವರ್ಷ ಮರುಕಳಿಸುತ್ತದೆ, ಬಂಡೆಯ ನಕ್ಷೆಯನ್ನು ಒಮ್ಮೆ ಮಾಡಿದರೆ ತಲೆಮಾರುಗಳವರೆಗೆ ಸಾಕು ಎಂಬುದು ಊಹೆಯಲ್ಲ.

ಡೆನ್ಮಾರ್ಕ್ ಇದನ್ನು ಮಾಡಿ ತೋರಿಸಿದೆ. ಕುಡಿಯುವ ನೀರಿಗೆ ಬಹುತೇಕ ಸಂಪೂರ್ಣವಾಗಿ ಅಂತರ್ಜಲವನ್ನೇ ನೆಚ್ಚಿರುವ ಆ ಪುಟ್ಟ ದೇಶ 1999ರಿಂದ 2015ರವರೆಗೆ ತನ್ನ ಭೂಭಾಗದ ಸುಮಾರು ಶೇ 40ರಷ್ಟನ್ನು ವಿವರವಾಗಿ ಸಮೀಕ್ಷೆ ಮಾಡಿಸಿತು. ಖರ್ಚಿಗಾಗಿ ನೀರಿನ ಬಳಕೆದಾರರ ಬಿಲ್ಲಿಗೆ ಸಣ್ಣ ಶುಲ್ಕವನ್ನು ಸೇರಿಸಿತು. ಬಂದ ಮಾಹಿತಿಯನ್ನು ರಾಷ್ಟ್ರೀಯ ದತ್ತಾಂಶ ಕೋಶದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯಾ 2014ರಲ್ಲಿ ಅಂತರ್ಜಲ ನಿರ್ವಹಣೆಯ ಕಾಯ್ದೆ ಮಾಡಿತು. ಅದರ ಬೆನ್ನಿಗೆ 2021ರಿಂದ 2023ರವರೆಗೆ ತನ್ನ ಮುಖ್ಯ ಅಂತರ್ಜಲ ಪ್ರದೇಶಗಳ ಮೇಲೆ ಇಂಥದೇ ಸಮೀಕ್ಷೆ ನಡೆಸಿ ಫಲಿತಾಂಶಗಳನ್ನು ಸಾರ್ವಜನಿಕಗೊಳಿಸಿತು. ಕಾಯ್ದೆ ಮೊದಲು, ನಕ್ಷೆ ನಂತರ ಎಂಬ ಆ ಕ್ರಮವನ್ನು ಗಮನಿಸಬೇಕು.

ಏಕೆಂದರೆ ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಉಗ್ರಾಣದ ನಕ್ಷೆಯನ್ನು ಬೀದಿಯಲ್ಲಿ ಹಂಚಿದರೆ ಉಗ್ರಾಣ ಉಳಿದೀತೇ? ಯಾವ ಹೊಲದ ಕೆಳಗೆ ದಪ್ಪನೆಯ ಪದರವಿದೆ ಎಂದು ತಿಳಿದೊಡನೆ ಹಣವುಳ್ಳವರು ಅದನ್ನು ಕೊಂಡು, ದೊಡ್ಡ ಮೋಟಾರು ಇಳಿಸಿ, ಸುತ್ತಲಿನ ಸಣ್ಣ ರೈತರ ಬಾವಿಗಳನ್ನು ಒಣಗಿಸಿಯಾರು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮ್ಮ ಕಾನೂನು ನೆಲದ ಒಡೆಯನಿಗೇ ಅಡಿಯ ನೀರಿನ ಹಕ್ಕನ್ನು ಒಪ್ಪಿಕೊಂಡು ಬಂದಿದೆ. ಅದರ ಮೇಲೆ 2008ರಿಂದ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ನೀರಿಗೂ ಬೆಲೆಯಿಲ್ಲ, ಅದನ್ನೆತ್ತುವ ಶಕ್ತಿಗೂ ಬೆಲೆಯಿಲ್ಲ ಎಂದಾದಾಗ ಮಾಹಿತಿಯೊಂದೇ ಸಂಯಮವನ್ನು ಕಲಿಸದು.

ಆದರೆ ಈ ಆಕ್ಷೇಪ ನಕ್ಷೆಯನ್ನು ಮುಚ್ಚಿಡುವುದಕ್ಕೆ ಕಾರಣವಾಗಲಾರದು. ಮುಚ್ಚಿಟ್ಟ ಮಾಹಿತಿ ಬಲ್ಲಿದರಿಗೆ ಹೇಗೂ ತಲುಪುತ್ತದೆ. ತಲುಪದಿರುವುದು ಬಡವನಿಗೆ ಮಾತ್ರ. ಆಂಧ್ರಪ್ರದೇಶದ ಅನುಭವ ಇಲ್ಲಿ ದಾರಿದೀಪ. ಅನಂತಪುರ, ಚಿತ್ತೂರು ಸೇರಿದಂತೆ ಬರಪೀಡಿತ ಜಿಲ್ಲೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನೊಂದಿಗೆ 2000ದ ದಶಕದಲ್ಲಿ ನಡೆದ ಯೋಜನೆಯೊಂದರಲ್ಲಿ ರೈತರೇ ತಮ್ಮ ಬಾವಿಗಳ ನೀರಿನ ಮಟ್ಟವನ್ನೂ ಮಳೆಯನ್ನೂ ಅಳೆದು ಬರೆದಿಟ್ಟರು. ಊರಿನ ನೀರಿನ ಆಯವ್ಯಯವನ್ನು ಒಟ್ಟಾಗಿ ಲೆಕ್ಕ ಹಾಕಿದರು. ಯಾರೂ ನಿರ್ಬಂಧ ಹೇರಲಿಲ್ಲ, ದಂಡ ಹಾಕಲಿಲ್ಲ. ಆದರೂ ಹಲವು ಊರುಗಳಲ್ಲಿ ಜನ ಹೆಚ್ಚು ನೀರು ಬೇಡುವ ಬೆಳೆಯನ್ನು ತಾವಾಗಿಯೇ ಕಡಿಮೆ ಮಾಡಿದರು. ಲೆಕ್ಕ ಎಲ್ಲರಿಗೂ ಕಾಣುವಂತಿದ್ದರೆ ನೆರೆಯವನ ಕಣ್ಣೇ ಕಾನೂನಾಗುತ್ತದೆ.

ಈ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರ ನಾಲ್ಕು ಹೆಜ್ಜೆಗಳನ್ನು ಇಡಬಹುದೆಂದು ನನಗೆ ತೋರುತ್ತದೆ.

ಮೊದಲನೆಯದು ಖರ್ಚಿಲ್ಲದ್ದು. ಕೊರೆದ ಪ್ರತಿ ಕೊಳವೆಬಾವಿಯೂ ನೆಲದೊಳಗಿನಿಂದ ಬಂದ ಒಂದು ಸಾಕ್ಷ್ಯ. ಎಷ್ಟು ಅಡಿಗೆ ಮಣ್ಣು ಮುಗಿಯಿತು, ಎಲ್ಲಿಯವರೆಗೆ ಕೇಸಿಂಗ್ ಹೋಯಿತು, ಎಲ್ಲಿ ಪುಡಿಯ ಬಣ್ಣ ಬದಲಾಯಿತು, ಎಲ್ಲಿ ತೇವ ಕಂಡಿತು ಎಂಬುದು ಬೋರ್ ಲಾರಿಯ ಕೆಲಸಗಾರರಿಗೆ ಚೆನ್ನಾಗಿ ಗೊತ್ತು. ಲಾರಿ ಊರು ಬಿಡುವಾಗ ಆ ತಿಳಿವಳಿಕೆಯೂ ಹೊರಟುಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬಾವಿ ಕೊರೆದವರು ಈ ವಿವರವನ್ನು ಸರ್ಕಾರಕ್ಕೆ ಸಲ್ಲಿಸುವುದು ಕಡ್ಡಾಯ. ನಮ್ಮ 2011ರ ಅಂತರ್ಜಲ ಕಾಯ್ದೆಯಡಿ ಕೊರೆಯುವ ಯಂತ್ರಗಳ ನೋಂದಣಿಗೆ ಅವಕಾಶವಿದೆ. ವಿಫಲ ಬಾವಿಗಳೂ ಸೇರಿದಂತೆ ಪ್ರತಿ ಬಾವಿಯ ವಿವರ ಸಲ್ಲಿಸುವುದನ್ನು ಆ ನೋಂದಣಿಯ ಷರತ್ತಾಗಿಸಬೇಕು. ಇಂಥ ಸಾಕ್ಷ್ಯವಿಲ್ಲದೆ ಆಕಾಶದ ಅಳತೆಗೆ ಅರ್ಥವೇ ಹುಟ್ಟದು.

ಎರಡನೆಯದಾಗಿ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗಗಳಂಥ ಜಿಲ್ಲೆಗಳಲ್ಲಿ ತೀವ್ರ ಸಂಕಷ್ಟದ ಜಲಾನಯನ ಪ್ರದೇಶಗಳನ್ನು ಆರಿಸಿಕೊಂಡು ಹಂತಹಂತವಾಗಿ ಸಮೀಕ್ಷೆ ನಡೆಸಬೇಕು. 2012ರಲ್ಲಿ ಆರಂಭವಾದ ರಾಷ್ಟ್ರೀಯ ಜಲಧರ ನಕ್ಷೆ ಕಾರ್ಯಕ್ರಮ 2023ರ ವೇಳೆಗೆ ಸುಮಾರು 25 ಲಕ್ಷ ಚದರ ಕಿಲೋಮೀಟರನ್ನು ಪೂರೈಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಅದರ ಪ್ರಮಾಣ ಗ್ರಾಮ ಪಂಚಾಯಿತಿಯ ತೀರ್ಮಾನಕ್ಕೆ ಸಾಕಾಗುವಷ್ಟು ಸೂಕ್ಷ್ಮವಾಗಿಲ್ಲ. ಬೆಂಗಳೂರಿನ ದೊಡ್ಡ ವಾಣಿಜ್ಯ ಬಳಕೆದಾರರ ನೀರಿನ ಬಿಲ್ಲಿನ ಮೇಲೆ ಡೆನ್ಮಾರ್ಕ್ ಮಾದರಿಯ ಸಣ್ಣ ಶುಲ್ಕ ವಿಧಿಸಿ ಈ ಖರ್ಚನ್ನು ಭರಿಸುವುದು ನ್ಯಾಯವೇ ಆಗಿದೆ.

ಮೂರನೆಯದಾಗಿ, ಬಂದ ನಕ್ಷೆ ಇಲಾಖೆಯ ಬೀರುವಿನಲ್ಲಿ ಕೊಳೆಯಬಾರದು. ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿ 2012ರಲ್ಲಿಯೇ ಬಂದಿದೆ. ಭೂಪಟ ಮಾಹಿತಿಯ ನಿರ್ಬಂಧಗಳನ್ನು ಕೇಂದ್ರ 2021ರಲ್ಲಿ ಗಣನೀಯವಾಗಿ ಸಡಿಲಿಸಿದೆ. ನಕ್ಷೆ ಕನ್ನಡದಲ್ಲಿ, ಸರ್ವೆ ನಂಬರಿನ ಸಮೇತ, ಪಂಚಾಯಿತಿಯ ಗೋಡೆಯ ಮೇಲೆ ಕಾಣಬೇಕು. ಅದರ ಮಿತಿಗಳೂ ಅಲ್ಲಿಯೇ ಬರೆದಿರಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ನಕ್ಷೆಯ ಜೊತೆಗೇ ಬಳಕೆಯ ನಿಯಮವೂ ಬರಬೇಕು. ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಹೊಸ ಬಾವಿಗೆ ಅನುಮತಿ ಬೇಕೆಂಬ 1999ರ ಕಾಯ್ದೆ ಬಂಡೆಯ ಸ್ವಭಾವವನ್ನು ನೋಡದೆ ಎಳೆದ ವೃತ್ತ. ನೀರು ವೃತ್ತಾಕಾರದಲ್ಲಿ ಹರಿಯುವುದಿಲ್ಲ. ನಕ್ಷೆ ದೊರೆತಲ್ಲಿ ಆ ವೃತ್ತದ ಬದಲು ನಿಜವಾದ ಗಡಿಯನ್ನು ಎಳೆಯಬಹುದು. ಇಂಗುವ ನೆಲವನ್ನು ಬಡಾವಣೆಗೆ ಪರಿವರ್ತಿಸುವುದನ್ನು ತಡೆಯಬಹುದು. ಒಂದೇ ಉಗ್ರಾಣವನ್ನು ಹಂಚಿಕೊಳ್ಳುವ ಹಳ್ಳಿಗಳನ್ನು ಒಂದೇ ಸಮಿತಿಯಡಿ ತರಬಹುದು. 2019ರಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಗ್ರಾಮಮಟ್ಟದ ನೀರಿನ ಆಯವ್ಯಯವನ್ನು ರೂಢಿಗೆ ತರಲು ಯತ್ನಿಸಿತು. ಅಲ್ಲಿ ಕಲಿತದ್ದನ್ನು ಕೈಬಿಡದೆ ಮುಂದುವರಿಸಬೇಕು.

ನೆಲದ ಮೇಲಿನ ಆಸ್ತಿಯನ್ನು ಅಳೆಯಲು ಆಳುವವರು ಶತಮಾನಗಳ ಹಿಂದೆಯೇ ಸರಪಣಿ ಹಿಡಿದು ಹೊರಟರು. ಅದರ ಉದ್ದೇಶ ಕಂದಾಯ ವಸೂಲಿ. ನೆಲದಡಿಯನ್ನು ಅಳೆಯಲು ಹೊರಡುವ ನಮ್ಮ ಉದ್ದೇಶ ಬೇರೆಯಾಗಿರಬೇಕು. ಅಲ್ಲಿರುವುದು ಯಾರೊಬ್ಬರ ಖಾತೆಗೂ ಸೇರದ, ಎಲ್ಲರ ಮಕ್ಕಳಿಗೂ ಸೇರಿದ ನೀರು. ಬಾಯಾರಿದಾಗ ಬಾವಿ ತೋಡುವವನನ್ನು ಗಾದೆ ಹಂಗಿಸುತ್ತದೆ. ನಾವಾದರೋ ಬಾವಿಯನ್ನು ಎಲ್ಲಿ ತೋಡಬೇಕು, ಎಲ್ಲಿ ತೋಡಲೇಬಾರದು ಎಂಬುದನ್ನು ಕೂಡ ತಿಳಿಯದೆ ಅರ್ಧ ಶತಮಾನ ಕಳೆದಿದ್ದೇವೆ. ತಿಳಿಯುವ ಉಪಾಯ ಕೈಯಲ್ಲಿರುವಾಗ ಇನ್ನೂ ಹಾಗೆಯೇ ಕೊರೆಯುತ್ತಿದ್ದರೆ, ಮುಂದಿನ ತಲೆಮಾರಿಗೆ ನಾವು ಬಿಟ್ಟುಹೋಗುವ ಆಸ್ತಿ ಒಣಗಿದ ತೂತುಗಳಷ್ಟೇ.